ನಾನೂರ ಹನ್ನೆರಡು

ಹಳೆಯ ಸರ್ವರಿನ ಹೆಸರು ಹೌಕಿ.
ಗಾಳಕ್ಕೆ ಸಿಕ್ಕ ಮೇಲೂ ಕಚ್ಚುವ ಮೀನು ಅದು, ನಮ್ಮ ಕಡೆ.
ಹೊಸದಕ್ಕೂ ಮೀನಿನ ಹೆಸರಿಡಲು ಕಚೇರಿ ಒಪ್ಪಲಿಲ್ಲ.
ಎನ್‌ಎಸ್-ಸೊನ್ನೆ-ಎರಡು ಎಂದು ಚೀಟಿ ಬರೆದುಕೊಟ್ಟರು.

ಆಸ್ಪತ್ರೆಯ ನೆಲಮಾಳಿಗೆ, ಜನವರಿ, ರಾತ್ರಿ ಹನ್ನೊಂದೂವರೆ.
ಹೊರಗೆ ಮೈನಸ್ ಇಪ್ಪತ್ತೇಳು. ಬೋತ್ನಿಯಾ ಕೊಲ್ಲಿ
ಹೆಪ್ಪುಗಟ್ಟಿ ಅದರ ಮೇಲೆ ಕಾರು ಓಡುತ್ತಿವೆ.
ಒಳಗೆ ಫ್ಯಾನುಗಳ ಸೆಕೆ;
ಸ್ವೆಟರು ಬಿಚ್ಚಿ ಕುರ್ಚಿಗೆ ತೂಗಿದ್ದೇನೆ.

ಕೆಲಸ ಇಷ್ಟೇ: ಎತ್ತಂಗಡಿ.
ಒಂದು ಪೆಟ್ಟಿಗೆಯ ಹೆಸರುಗಳನ್ನೆಲ್ಲ ಇನ್ನೊಂದಕ್ಕೆ ಸಾಗಿಸುವುದು,
ಯಾರ ನಿದ್ದೆಯೂ ಕೆಡದಂತೆ.
ಎಕ್ಸ್‌ರೇ ಯಂತ್ರ "ರಕ್ತಪರೀಕ್ಷೆ ಎಲ್ಲಿದೆ?" ಎಂದು ಕೇಳಿದರೆ
ಹತ್ತು-ನಾಲ್ಕು-ಸೊನ್ನೆ-ಮೂವತ್ತೊಂದು ಅನ್ನಬೇಕು,
ಕೇಳಿದ್ದು ಹೌಕಿಯನ್ನಾದರೂ ಹೊಸಬನನ್ನಾದರೂ
ಒಂದೇ ಮಾತು.
ಇಡೀ ಆಸ್ಪತ್ರೆ ನಿಂತಿರುವುದು ದಾರಿ ಹೇಳುವ ಇವನೊಬ್ಬನ ಮೇಲೆ.
ಇವನ ಮುಖ ಕಂಡವರಿಲ್ಲ.

ಮೊದಲ ಸಲ ಕೆಂಪು ಗುರುತು ಬಿತ್ತು.
ಝೋನ್ ಕೊಡುವುದಿಲ್ಲ ಅಂದಿತು ಹೌಕಿ.
ತಪ್ಪು ಅದರದಲ್ಲ. ಯಾರು ಕೇಳಿದರೂ ಕೊಡಬೇಡ ಎಂದು
ಹತ್ತೊಂಬತ್ತು ವರ್ಷದ ಹಿಂದೆ ಹೇಳಿಟ್ಟಿದ್ದ ಔಲಿಸ್ ಕೊರ್ಪೆಲಾ.
ಅವನು ನಿವೃತ್ತನಾದ. ಇದು ಇನ್ನೂ ಪಾಲಿಸುತ್ತಿದೆ.
ಪಟ್ಟಿಯಲ್ಲಿ ಹೊಸಬನ ಸಂಖ್ಯೆ ಸೇರಿಸಿದೆ,
ನಮ್ಮವನೇ, ಬಿಡು ಎಂದು.
ಮತ್ತೆ ಬಲಗುಂಡಿ ಒತ್ತಿ, ಯಜಮಾನನಿಂದ ತಾ ಎಂದೆ.

ಬಂದವು.
ಕಣ್ಣು ಮಿಟುಕಿಸುವಷ್ಟರಲ್ಲಿ ನಾನೂರ ಹನ್ನೆರಡು ದಾಖಲೆ:
ಊಟದ ಕೋಣೆಯ ಗಲ್ಲಾಪೆಟ್ಟಿಗೆ,
ಶವಾಗಾರದ ಥರ್ಮಾಮೀಟರು,
ಎರಡನೆಯ ಮಹಡಿಯ ಜಗಳಗಂಟ ಪ್ರಿಂಟರುಗಳು ಮೂರೂ,
ಯಾವ ಬಾಗಿಲೆಂದು ಯಾರಿಗೂ ಗೊತ್ತಿಲ್ಲದ ಬಾಗಿಲು-ಒಂಬತ್ತು.

ಇಲ್ಲೊಂದು ನಿಯಮವಿದೆ.
ತಾನಾಗಿ ಬಂದು ಹೆಸರು ಬರೆಸಿದ ಯಂತ್ರಕ್ಕೆ ದಿನಾಂಕದ ಮುದ್ರೆ ಬೀಳುತ್ತದೆ;
ಎರಡು ವಾರ ಅದರ ಸುದ್ದಿಯಿಲ್ಲದಿದ್ದರೆ
ಕಸ ಗುಡಿಸುವವನು ಬಂದು ಒರೆಸಿ ಹೋಗುತ್ತಾನೆ.
ಮನುಷ್ಯರು ಕೈಯಾರೆ ಬರೆದದ್ದಕ್ಕೆ ಮುದ್ರೆಯಿಲ್ಲ,
ವಯಸ್ಸಿನ ಜಾಗದಲ್ಲಿ ಸೊನ್ನೆ.
ಅದು ಹಳತಾಗುವುದೇ ಇಲ್ಲ.

ಹಾಗೆ ಉಳಿದದ್ದು: ಸೇಯಾ.
ಹತ್ತು-ನಾಲ್ಕು-ಸೊನ್ನೆ-ಎಪ್ಪತ್ತೇಳು.
ನಾಲ್ಕು ಸಲ ಕೂಗಿದೆ. ನಾಲ್ಕೂ ಸಲ
ಹೊತ್ತು ಮೀರಿತು ಎಂದಿತು ಪರದೆ.

ಒಂದು ಗಂಟೆಗೆ ಫೋನು ಮಾಡಿದರೂ ಎಚ್ಚರವಾಗೇ ಇದ್ದ.
"ಏನು ಹಿಲ್ಲೆವಿ, ಹೌಕಿ ಸತ್ತಿತಾ?"
"ಇಲ್ಲ. ಸೇಯಾ ಯಾರು?"
ಕಪ್ಪಿನಲ್ಲಿ ಚಮಚ ತಿರುಗುವ ಸದ್ದು. ನಿಂತಿತು.
"ಪ್ರಿಂಟರು. ನಾಲ್ಕನೆಯ ಮಹಡಿ, ಹೆರಿಗೆ ವಾರ್ಡಿನದು.
ಕೂಸುಗಳ ಮಣಿಕಟ್ಟಿನ ಪಟ್ಟಿ ಅಚ್ಚು ಹಾಕುತ್ತಿತ್ತು."

ವಾರ್ಡು ಮುಚ್ಚಿ ಆರು ವರ್ಷ.
ಈಗ ಬಸುರಿಯರು ನೂರ ಹತ್ತು ಕಿಲೋಮೀಟರು ದಕ್ಷಿಣಕ್ಕೆ ಹೋಗುತ್ತಾರೆ,
ಕೆಲವರು ದಾರಿಯಲ್ಲೇ ಹೆರುತ್ತಾರೆ.
ನಮ್ಮಲ್ಲಿ ಹುಟ್ಟಿದ ಕೂಡಲೇ ಹೆಸರಿಡುವುದಿಲ್ಲ;
ಎಂಟೋ ಹತ್ತೋ ವಾರ ಅದು ಬರೀ ಪಾಪು.
ಪಟ್ಟಿಯ ಮೇಲೆ ತಾಯಿಯ ಹೆಸರು, ಹೆಣ್ಣೋ ಗಂಡೋ, ಒಂದು ಸಂಖ್ಯೆ.
ಹೆಸರಿಲ್ಲದವರಿಗೆ ಸಂಖ್ಯೆ ಕೊಡುತ್ತಿದ್ದ ಆ ಡಬ್ಬಕ್ಕೆ
ಹೆಸರೊಂದಿತ್ತು, ಅಷ್ಟೆ.

"ರಾತ್ರಿ ಪಾಳಿಯ ಸೂಲಗಿತ್ತಿ," ಎಂದ, ನಾನು ಕೇಳದೆಯೇ.
"ಕಾಗದ ಸಿಕ್ಕಿಕೊಂಡಾಗ ಕರೆಯುತ್ತಿದ್ದಳು.
ವಾರಕ್ಕೆ ಮೂರು ಸಲ ಸಿಕ್ಕಿಕೊಳ್ಳುತ್ತಿತ್ತು.
ನಾನೂ ಸರಿಯಾಗಿ ರಿಪೇರಿ ಮಾಡಲಿಲ್ಲ ಅನ್ನು."
ಚಮಚ ಮತ್ತೆ ತಿರುಗಿತು.
"ಅಳಿಸಿಬಿಡು. ಯಂತ್ರವೇ ಇಲ್ಲವಲ್ಲ."
"ಅಳಿಸುತ್ತೇನೆ," ಅಂದೆ.

ಇನ್ನು ನೀನೇ ಯಜಮಾನ ಎಂದು ಹೊಸಬನಿಗೆ ತಿಳಿಸಿದೆ:
ಒಂದು ಚುಕ್ಕೆ, ಒಂದು ಸರಿ.
ನೆನಪಿನ ಆಯಸ್ಸು ಒಂದು ಗಂಟೆ ಎಂದು ಬರೆದಿತ್ತು.
ಮೇಲಿನ ಮಹಡಿಗಳ ಯಂತ್ರಗಳು
ಹಳೆಯ ಉತ್ತರ ಮರೆಯಲೆಂದು ಆ ಒಂದು ಗಂಟೆ
ಫ್ಲಾಸ್ಕಿನ ತಣ್ಣಗಿನ ಕಾಫಿ ಕುಡಿಯುತ್ತ ಕೂತೆ.

ಮೂರೂಕಾಲಕ್ಕೆ ಹೌಕಿಯನ್ನು ನಿಲ್ಲಿಸಿದೆ.
ಫ್ಯಾನು ಇಳಿಯುತ್ತ ಇಳಿಯುತ್ತ ಸುಮ್ಮನಾಯಿತು;
ಕೋಣೆಯಲ್ಲಿ ಮೊದಲ ಸಲ ಚಳಿ.

ವರದಿಯಲ್ಲಿ ಬರೆಯಬೇಕಾದ್ದು ಎರಡೇ ಸಾಲು.
ಹಳೆಯದರಲ್ಲಿ: ನಾನೂರ ಹನ್ನೆರಡು.
ಹೊಸದರಲ್ಲಿ: ನಾನೂರ ಹನ್ನೆರಡು.
ಸಹಿ ಹಾಕಿ ಸ್ವೆಟರು ತೊಟ್ಟೆ.