ಒಂದು ಉಸಿರು ಹಿಂದೆ

ನಮ್ಮ ತಾಷ್ಕೆಂಟಿನಲ್ಲಿ ಅಮ್ಮ ಎಂದರೆ ಸೋದರತ್ತೆ.
ಹೆತ್ತವಳಿಗೆ ಬೇರೆ ಪದವಿದೆ, ಅದಿರಲಿ.
ನಾನು ಹೇಳಹೊರಟಿದ್ದು ಓಯ್ದಿನ್ ಅಮ್ಮನ ಗಂಟಲಿನ ಮಾತು.

ಮೇ ತಿಂಗಳು. ಕಾಲುವೆ ಬದಿಯ ಹಿಪ್ಪುನೇರಳೆ ಉದುರಿ
ಊರಿನ ಚಪ್ಪಲಿಗಳೆಲ್ಲ ಕಪ್ಪು.
ಚಿತ್ರೋತ್ಸವ ಬಂತೆಂದರೆ ಹತ್ತು ದಿನ
ಅವಳು ಮನೆಯಲ್ಲಿ ಮಾತಾಡುತ್ತಿರಲಿಲ್ಲ.
ಉಪ್ಪು ಬೇಕಾದರೆ ಬೆರಳು ತೋರಿಸುವಳು,
ಸಿಟ್ಟು ಬಂದರೆ ಬಾಗಿಲು.
ಮಾತೆಲ್ಲ ಕೂಡಿಟ್ಟು ಸಂಜೆಗೆ
ಬಾಲ್ಕನಿಯ ಹಿಂದಿನ ಪ್ಲೈವುಡ್ ಗೂಡಿಗೆ ಒಯ್ಯುವಳು.

ಅಲ್ಲಿ ಒಂದು ಮೈಕು, ಒಂದು ಕುಬ್ಜ ದೀಪ, ಗಾಜಿನ ಕಿಂಡಿ.
ನನ್ನ ಕೆಲಸ ಹಸಿರು ಚಹಾ:
ಮೂರು ಸಲ ಪಿಯಾಲೆಗೆ ಸುರಿದು, ಮೂರು ಸಲ ಕೆಟಲಿಗೆ ಮರಳಿಸಿ,
ಕಲ್ಲುಸಕ್ಕರೆಯ ತುಂಡು ಹಾಕಿ, ಸದ್ದಿಲ್ಲದೆ ಇಡುವುದು.
ಕೆಳಗೆ ಆರುನೂರು ಜನ, ಆರುನೂರು ಹೆಡ್‌ಫೋನು,
ಎಲ್ಲರ ಕಿವಿಯಲ್ಲೂ ಓಯ್ದಿನ್ ಅಮ್ಮ.

ಅವಳೇ ಮದುಮಗಳು, ಅವಳೇ ದರೋಡೆಕಾರ,
ಹಲ್ಲು ಬಿದ್ದ ನ್ಯಾಯಾಧೀಶ, ಜ್ವರದ ಮಗು;
ಪೆರುವಿನ ಗಣಿಯಲ್ಲಿ ಮುಷ್ಕರ ಹೂಡಿದವಳು,
ಹನೋಯಿಯ ಸೇತುವೆ ಕಾಯುವ ಮೂಗ.
ಮೂಗನ ಪಾಲು ಬಂದಾಗ ಮಾತ್ರ ಚಹಾಕ್ಕೆ ಬಿಡುವು.
ಗಂಡಸಿಗೆ ಗಡಸು, ಹೆಂಗಸಿಗೆ ಬಳುಕು,
ಅಂಥದ್ದೆಲ್ಲ ನಾಟಕದವರಿಗೆ, ಎನ್ನುವಳು.
ಪರದೆಯ ತುಟಿ ಮುಂದೆ, ಇವಳು ಒಂದು ಉಸಿರು ಹಿಂದೆ,
ದಿಬ್ಬಣದ ಕೊನೆಗೆ ದೀಪ ಹಿಡಿದು ನಡೆಯುವವಳ ಹಾಗೆ.

ಆ ವರ್ಷ ಬಂದದ್ದು ಸಹಾರಾ ಅಂಚಿನ ಒಂದು ಚಿತ್ರ.
ಸಂಭಾಷಣೆಯ ಹಾಳೆ ಪ್ಯಾರಿಸ್ಸಿನಲ್ಲೋ ವಿಮಾನದಲ್ಲೋ ಕಳೆದಿತ್ತು.
ಫುಲಾನಿ ಬಲ್ಲವರನ್ನು ಎಲ್ಲಿಂದ ತರುವುದು?
ಪರದೆಯ ಬುಡದಲ್ಲಿ ಫ್ರೆಂಚ್ ಅಕ್ಷರ ಇದೆಯಲ್ಲ,
ಓದಿ ಹೇಳುತ್ತೇನೆ, ಎಂದಳು.
ಅಕ್ಷರ ಬಿಳಿ ಎಂದು ಯಾರೂ ಹೇಳಿರಲಿಲ್ಲ.
ಮರಳೂ ಬಿಳಿ.

ಗುಡಿಸಲ ಕತ್ತಲಲ್ಲಿ ಓದಿದಳು, ರಾತ್ರಿಯಲ್ಲಿ ಓದಿದಳು.
ಬಯಲಿಗೆ ಬಂದರೆ ಮಾತು
ಹಾಲಿಗೆ ಬಿದ್ದ ಹಾಲು.
ಬಾವಿಯ ಬಳಿ ಒಬ್ಬ ಮುದುಕ, ಒಂದು ಕತ್ತೆ,
ಒಂದೇ ತೊಗಲಚೀಲದಷ್ಟು ನೀರು.
ಮುದುಕ ಕತ್ತೆಯ ಕಿವಿಯಲ್ಲಿ ಏನೋ ಉದ್ದಕ್ಕೆ ಹೇಳಿದ.
ಅಕ್ಷರಗಳು ಬಂದವು, ಮರಳಿಗಿಳಿದವು.
ಅವಳ ಬೆರಳು ಮೇಜಿನ ಅಂಚು ಹಿಡಿದದ್ದು ಕಂಡೆ.
ಎಂದೂ ಎರಡು ಉಸಿರು ತಡವಾದವಳಲ್ಲ.
"ನೀನೇ ಮೊದಲು ಕುಡಿ," ಎಂದಳು.
"ನನ್ನ ಬಾಯಾರಿಕೆಗೂ ವಯಸ್ಸಾಯಿತು."

ಕೆಳಗೆ ಮೂಗು ಸೀಟುವ ಸದ್ದು, ಸಾಲು ಸಾಲಾಗಿ.
ಹತ್ತಿ ಗಿರಣಿಯ ಹೆಂಗಸರು ತಲೆವಸ್ತ್ರದ ತುದಿ ಕಣ್ಣಿಗೊತ್ತಿದರು.

ಮುಗಿದ ಮೇಲೆ ನಿರ್ದೇಶಕ ಮೆಟ್ಟಿಲೇರಿ ಬಂದ. ಹಮ್ಮಾದಿ ಅಂತ.
ಆ ಸೆಕೆಯಲ್ಲೂ ಯಾರದೋ ಎರವಲು ಉಣ್ಣೆಕೋಟು.
ಬಾವಿಯ ಹತ್ತಿರ ಏನು ಹೇಳಿದಿರಿ?
ನಮ್ಮಲ್ಲಿ ಅಲ್ಲಿ ಜನ ನಗುತ್ತಾರೆ.
ಮತ್ತೊಮ್ಮೆ ಸುಳ್ಳು ಹೇಳಲಿಲ್ಲ ಅವಳು;
ಹೇಳಿದ್ದನ್ನೇ ಫ್ರೆಂಚಿನಲ್ಲಿ ಒಪ್ಪಿಸಿದಳು.
ಅವನು ಗೂಡಿನ ಬಾಗಿಲಿಗೆ ಒರಗಿ ಬಹಳ ಹೊತ್ತು ನಿಂತ,
ಸಿಗರೇಟು ಪೊಟ್ಟಣ ಬಿಚ್ಚಿ ಒಳಬದಿಯಲ್ಲಿ ಬರೆದುಕೊಂಡ,
ಅವಳಿಗೆಂದು ಮಾಡಿದ ಚಹಾ ಕುಡಿದ, ಹೋದ.
ಮುದುಕ ನಿಜಕ್ಕೂ ಏನೆಂದ ಅಂತ
ಇವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಕಳೆದ ವಾರ ಅದೇ ಚಿತ್ರ ಮತ್ತೆ ಬಂತು,
ಗೀರು ತೊಳೆದು, ಬಣ್ಣ ತಿದ್ದಿ, ಹಳದಿ ಅಕ್ಷರ ತೊಡಿಸಿ.
ಬೇರೆ ಚಿತ್ರಮಂದಿರ; ಕುರ್ಚಿಯ ಕೈಯಲ್ಲಿ ಲೋಟಕ್ಕೊಂದು ಕುಳಿ.
ಓಯ್ದಿನ್ ಅಮ್ಮನಿಗೀಗ ಎಂಬತ್ತಾರು.
ಕತ್ತೆ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ.
ಅವಳ ಕಿವಿಗೆ ಬಾಯಿಟ್ಟು ನಾನು ಓದಿದೆ,
ಎಡವುತ್ತ, ತೊದಲುತ್ತ, ಮೂರ್ನಾಲ್ಕು ಉಸಿರು ಹಿಂದೆ.

ಬಾವಿ ಬಂತು. ಮುದುಕ ಬಗ್ಗಿದ.
ಬಿಳಿ ಮರಳಿನ ಮೇಲೆ ಹಳದಿ ಅಕ್ಷರ ನಿಚ್ಚಳ ನಿಂತವು:
"ಕಳ್ಳ ಮುಂಡೇದೇ, ನನಗಿಂತ ಮೊದಲು ಸತ್ತೆಯೋ,
ಕಾಲು ಮುರಿದುಬಿಡ್ತೀನಿ."
ಮಂದಿರ ಗೊಳ್ಳೆಂದಿತು.

ಇದನ್ನು ಓದಲೋ, ಹಳೆಯದನ್ನೇ ಹೇಳಿಬಿಡಲೋ.
ಓದಿದೆ.

ನಗು ಅಡಗಿ, ಎಲ್ಲರೂ ಸುಮ್ಮನಾಗಿ,
ಯಾರೋ ಕೆಮ್ಮಿಯೂ ಆದ ಮೇಲೆ
ಅವಳೊಬ್ಬಳೇ ಗಟ್ಟಿಯಾಗಿ ನಕ್ಕಳು.
ಮುಂದಿನ ಸಾಲಿನವರು ತಿರುಗಿ ನೋಡಿದರು.
ಕತ್ತೆ ಇನ್ನೂ ಕುಡಿಯುತ್ತಿತ್ತು.