ರೆ

ಪೆಟ್ಟಿಗೆ ಹೊಳೆ ದಾಟಿ ಬಂತು, ಬಂದರಿನಿಂದ ಬೆಂಗ್ರೆಗೆ,
ಫೆರಿ ದೋಣಿಯಲ್ಲಿ, ಮೀನಿನ ಬುಟ್ಟಿಗಳ ನಡುವೆ, ನನ್ನ ಮಡಿಲಲ್ಲಿ.
ವಿಜ್ಞಾನದ ಮಾಷ್ಟ್ರು ಡೆಪ್ಯುಟೇಶನ್ ಮೇಲೆ ಸುಳ್ಯದಲ್ಲಿದ್ದರು.
‘ಕನ್ನಡದವರಿಗೆ ತಾಳ್ಮೆ ಜಾಸ್ತಿ’ ಎಂದರು ಹೆಡ್ಮಾಷ್ಟ್ರು,
ಸಹಿ ಹಾಕಿಸಿಕೊಂಡರು.

ಎರಡು ಚಕ್ರ, ಒಂದು ಬ್ಯಾಟರಿ, ಹೊಟ್ಟೆಯಡಿ ಪುಟ್ಟ ಕಣ್ಣು.
ನಾಲ್ಕನೇ ಕ್ಲಾಸಿನ ಹತ್ತೊಂಬತ್ತು ಮಕ್ಕಳು
ಮೊದಲ ದಿನವೇ ಹೆಸರಿಟ್ಟರು: ಡೆಂಜಿ.
ಮುಂದೆ ಹೋಗು ಎಂದರು. ಹೋಯಿತು.
ಮೇಜು ಮುಗಿದ ಮೇಲೂ ಹೋಯಿತು.

ಬಿದ್ದದ್ದನ್ನು ಎತ್ತಿಕೊಂಡು ಲತೇಶ ಹೇಳಿದ:
‘ಇದಕ್ಕೆ ಮಂಡೆ ಇಲ್ಲ ಟೀಚರ್.’
ಮಿಸ್ರಿಯಾ, ವರ್ಷವಿಡೀ ಕಿಟಕಿಯ ಜೊತೆ ಮಾತ್ರ ಮಾತಾಡಿದವಳು,
‘ಅಂಚು ಬಂದರೆ ನಿಲ್ಲು ಅಂತ ನಾವು ಹೇಳಲೇ ಇಲ್ಲ’ ಅಂದಳು.

ಹದಿನಾಲ್ಕು ವರ್ಷ ಪಕ್ಷಾರ್ಥಕ ಕಲಿಸಿದ್ದೇನೆ ನಾನು.
‘ಮಳೆ ಬಂದರೆ ಬೆಳೆ ಬರುತ್ತದೆ’ –
ಈ ಮರಳಿನ ಪಟ್ಟಿಯಲ್ಲಿ ಬೆಳೆ ಕಂಡವರು ಯಾರು?
ಆದರೂ ಬರೆದುಕೊಂಡರು, ಬ್ಯಾಚಿಗೆ ಬ್ಯಾಚು,
ಗೆರೆ ಹಾಕಿದರು, ಅಂಕ ತೆಗೆದರು.
ಒಂದು ರೆ. ನಾಲಗೆ ತುದಿಯ ಸಣ್ಣ ಮಡಿಕೆ.
ಅದರ ಆಚೆ, ಇನ್ನೂ ಆಗದೆ ಇರುವುದೆಲ್ಲ
ಕಾಯುತ್ತ ಕೂತಿದೆ ಎಂದು
ನಾನು ಯಾರಿಗೂ ಹೇಳಿರಲಿಲ್ಲ.
ನನಗೂ ಹೊಳೆದಿರಲಿಲ್ಲ.

ಆಮೇಲೆ ನೆಲದ ಕಥೆ.
ಕರಿಗೆರೆ ಹಿಡಿದು ನಡೆಯಬೇಕಾದ ಡೆಂಜಿ
ಕರಿ ಸಿಮೆಂಟಿನ ನಮ್ಮ ನೆಲದಲ್ಲಿ
ಮರಿ ಕಳೆದ ಕೋಳಿಯಂತೆ ಸುತ್ತಿತು, ಎರಡು ದಿನ.
ಚಾರ್ಟ್ ಪೇಪರಿಗೆ ದುಡ್ಡು ಕೇಳಬೇಕೆಂದು ನಾನು ಚೀಟಿ ಬರೆಯುತ್ತಿದ್ದೆ.
ಹುಡುಗಿ ಬೋರಲು ಮಲಗಿದ್ದಳು,
ಕೆನ್ನೆ ನೆಲಕ್ಕೆ, ಅದರ ಕಣ್ಣಿನ ಮಟ್ಟಕ್ಕೆ ತನ್ನ ಕಣ್ಣು.
ತುಂಬ ಹೊತ್ತು. ಊಟದ ಗಂಟೆಯೂ ಆಯಿತು.
‘ಟೀಚರ್, ಪಾಪ, ಅದಕ್ಕೆ ಎಲ್ಲವೂ ದಾರಿ.’

ಮರುದಿನ ತಂದಳು ಬಾಪನ ಹಳೆ ಬಿಳಿ ಲುಂಗಿಯ ಅಂಚು,
ಉದ್ದಕ್ಕೆ ಹರಿದದ್ದು. ಗೋಂದು ಹಚ್ಚಿ ಅಂಟಿಸಿದರು.
ಹೇಳಿಕೆಯಲ್ಲಿ ಕಪ್ಪು ಇದ್ದಲ್ಲಿ ಬಿಳಿ,
ಬಿಳಿ ಇದ್ದಲ್ಲಿ ಕಪ್ಪು.
ಡೆಂಜಿ ಹೊರಟಿತು, ನಡುಗುತ್ತ, ನೇರ,
ಬಾಗಿಲವರೆಗೆ.
ಲತೇಶ ಹಾಕಿದ ಕೂಗಿಗೆ ಪಕ್ಕದ ಕ್ಲಾಸು ಎದ್ದು ಬಂತು.

ಇದನ್ನು ವರದಿಯಲ್ಲಿ ಬರೆದೆ.
ಬರೆಯದೆ ಬಿಟ್ಟದ್ದು, ಫೆರಿಯಲ್ಲಿ ಅವಳ ತಾಯಿ ಹೇಳಿದ್ದು:
‘ಏನು ಕಲಿಸಿದಿರಿ ಟೀಚರ್?
ಪದಾರ್ಥಕ್ಕೆ ಉಪ್ಪು ಎಷ್ಟು ಅಂತಾಳೆ; ಕೈಗೆ ಗೊತ್ತು ಅಂದರೆ
ಕೈಗೆ ಯಾರು ಹೇಳಿದ್ದು ಅಂತಾಳೆ.
ಅದು ಹೋಗಲಿ.
ರಾತ್ರಿ ಎದ್ದು ಕೂತು, ಗಾಳಿ ಎದ್ದರೆ? ಎಂಜಿನ್ ಕೆಟ್ಟರೆ?
ಮೊದಲೆಲ್ಲ ಬಾಪ ಬೋಟಿಗೆ ಹೋದರೆ
ಹೋದರು ಅಂತ ಅಷ್ಟೇ ಇತ್ತು ಅವಳಿಗೆ.
ನಿದ್ದೆ ಮಾಡುತ್ತಿದ್ದಳು.’

ದೋಣಿ ದಡಕ್ಕೆ ತಾಗಿತು. ನಾನು ಚಿಲ್ಲರೆ ಹುಡುಕಿದೆ.

ಅವಳ ನೋಟುಬುಕ್ಕಿನ ಕೊನೆಯ ಪುಟದಲ್ಲಿ, ಪೆನ್ಸಿಲಿನಲ್ಲಿ:
ಹತ್ತು ದಿನಕ್ಕೆ ಬಾರದಿದ್ದರೆ, ಫೋನು.
ಫೋನು ಹೋಗದಿದ್ದರೆ, ಓನರ್ ಮನೆಗೆ.
ಓನರಿಗೂ ಗೊತ್ತಿಲ್ಲದಿದ್ದರೆ, ದಕ್ಕೆಯಲ್ಲಿ
ಪಕ್ಕದ ಬೋಟಿನವರನ್ನು ಕೇಳುವುದು.
ಅವರೂ ನೋಡಿಲ್ಲದಿದ್ದರೆ

ಮುಂದೆ ಖಾಲಿ. ಬರೆದು ಉಜ್ಜಿದ ಗುರುತು,
ಮಡಿಕೆಯಲ್ಲಿ ರಬ್ಬರಿನ ಪುಡಿ.
ಕೆಂಪು ಪೆನ್ನಿನ ಮುಚ್ಚಳ ತೆಗೆದಿದ್ದೆ.
‘ವಾಕ್ಯ ಅಪೂರ್ಣ’ ಎಂದು ಬರೆದು ಬರೆದು ಪಳಗಿದ ಕೈ ಇದು.
ಮುಚ್ಚಿಟ್ಟೆ.

ಸೋಮವಾರ ಬೋಟು ಬಂತು, ಬಂಗುಡೆ ಏನೂ ಇಲ್ಲ ಎಂದು
ಬಾಪ ಗೊಣಗುತ್ತಿದ್ದರಂತೆ.
ಮಂಗಳವಾರ ಎರಡನೇ ಪೀರಿಯಡ್ಡಿಗೆ ಮಿಸ್ರಿಯಾ
ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳು.
ಡೆಂಜಿ ಅವಳ ಕಾಲ ಬಳಿ ಬಂದು ನಿಂತಿತ್ತು.
‘ಎಬ್ಬಿಸಲಾ ಟೀಚರ್?’ ಲತೇಶ ಕೇಳಿದ.
ಬೇಡ ಅಂದೆ.