ಘಾಟು

ಬ್ಯಾಡಗಿ ಪ್ಯಾಟ್ಯಾಗ ಹಮಾಲಿ ನಾನು.
ಚೀಲ ಹೊತ್ತು ಹೊತ್ತು ಕೊಳ್ಳಿಗೆ ಕೆಂಪು ಹಿಡದೈತಿ,
ಓಣ್ಯಾಗ ಹೊಂಟ್ರ ನಾಯೀನೂ ಸೀನಿ ಬದಿಗೆ ಸರೀತೈತಿ.

ಇಂಥ ಕೈ ತಗೊಂಡು ಹ್ಯಾಂಗ ಮುಟ್ಟಲಿ
ಹನ್ನೊಂದು ದಿನದ ಕೂಸಿನ್ನ?

ಅದಕ್ಕ ಮದಲ ಹಿತ್ತಲ ಬಚ್ಚಲು.
ಕೊಬ್ರಿ ಎಣ್ಣಿ, ಆಮ್ಯಾಲೆ ಕಡ್ಲಿಹಿಟ್ಟು, ಆಮ್ಯಾಲೆ ಸಬಕಾರ,
ಉಗುರಿನ ಸಂದಿಗೆ ಹುಣಸಿಹಣ್ಣು.
ಕಡೀಕೆ ಒಂದು ಬಟ್ಟು ನನ್ನ ಕಣ್ಣಿನ ರೆಪ್ಪಿಗೆ ಹಚ್ಚಿ
ಹತ್ತು ಎಣಿಸ್ತೀನಿ.
ಉರದ್ರ ಮತ್ತ ಮದಲಿಂದ.
ಉರೀಲಿಲ್ಲಂದ್ರ ಒಳಗ.

ಒಳಗ ದಾಕ್ಷಾಯಿಣಿ, ಗ್ವಾಡಿಗೆ ಬೆನ್ನು ಕೊಟ್ಟು.
ಅಕೀಗೆ ತವರಿಲ್ಲ, ಅವ್ವ ಹ್ವಾದ ವರ್ಸ ತೀರಿಕೊಂಡ್ಳು.
ಬಾಣಂತನಕ್ಕ ನಾನ,
ಮತ್ತ ಸಂಜೀಕೊಮ್ಮೆ ಬಂದು ಬುದ್ಧಿ ಹೇಳಿ ಹೋಗೂ
ನೀಲವ್ವ ಕಾಕಿ.

ಕೂಸು ಬಾಯಿ ಹಚ್ಚಿದ ಕೂಡ್ಲೆ
ಅಕೀ ಕಾಲಬಟ್ಟು ಮುದುರತಾವು.
ತೊಟ್ಟು ಸೀಳೇತಿ. ಉಸರು ಹಿಡೀತಾಳ, ಒದರೂದಿಲ್ಲ.
ಆ ಉರಿ ಅಳಿಯಾಕ ನನ್ನ ಹಂತೇಕ ಯಾವ ಮಾಪೂ ಇಲ್ಲ.
ಬೆನ್ನ ಹಿಂದ ದಿಂಬು ತುರುಕತೀನಿ.
"ತಡಿ, ಬಾಯಿ ಪೂರಾ ತಗೀಲಿ" ಅಂತೀನಿ,
ನರ್ಸಬಾಯಿ ಹೇಳಿಕೊಟ್ಟಂಗ.
ತಪ್ಪಿದ್ರ ಬೈಸ್ಕೊಂತೀನಿ.

ಕಾಕಿ ಅಂದ್ಳು: "ಹಾಲು ಸಾಲವಲ್ದು, ಡಬ್ಬಿ ತರೋ."
ನಮ್ಮೂರಾಗ ಡಬ್ಬಿ ಅಂದ್ರ ಮೆಣಸಿನಕಾಯಿ, ಕಾಕಿ,
ಅದನ್ನ ತರ್ಲೇನು?
ದಾಕ್ಷಾ ನಕ್ಳು. ಹಡದಮ್ಯಾಲೆ ಮದಲ ಸಲ.
ನಕ್ಕಿದ್ದಕ್ಕ ಹೊಲಿಗಿ ಜಗ್ಗಿ, ಮತ್ತ ನನ್ನನ್ನ ಬೈದ್ಳು.

ನರ್ಸಬಾಯಿ ಮಾತು ನನಗ ತಿಳದದ್ದು ಹಿಂಗ:
ಗಿರಾಕಿ ಬಂದಷ್ಟು ಆವಕ.
ಕೂಸು ಎಳದಷ್ಟು ಇಳೀತೈತಿ.
ಪ್ಯಾಟಿ ಬಂದ್ ಮಾಡಬಾರದು, ಅಷ್ಟ.

ರಾತ್ರಿ ಎರಡಕ್ಕ ಪ್ಯಾಟಿ ತೆರೀತೈತಿ.
ಅಕಿ ಕಣ್ಣು ಮುಚ್ಚಿಕೊಂಡ ಕೈ ಚಾಚ್ತಾಳ,
ಆ ಕೈಯಾಗ ತಂಬಗಿ ಇರಬೇಕು.
ಹಾಲು ಕುಡಿಸೂವಾಗ ಇಷ್ಟು ನೀರಡಿಕಿ ಆಗ್ತೈತಂತ
ನನಗ ಯಾರೂ ಹೇಳಿರಲಿಲ್ಲ.
ಕುಡದ ಕೂಸಿನ್ನ ಹೆಗಲಿಗೆ ಹಾಕ್ಕೊಂತೀನಿ,
ಚೀಲದ ಹೆಗಲಿಗಲ್ಲ, ಎಡದ್ದಕ್ಕ.
ತೇಗು ಬರೂತನ ಒಲಿಯಿಂದ ಬಾಗಲಕ್ಕ, ಬಾಗಲದಿಂದ ಒಲಿಗೆ.
ಅಷ್ಟರಾಗ ಅಕೀದೊಂದು ನಿದ್ದಿ ಆಗಬೇಕು.

ನಿನ್ನೆ ಬಚ್ಚಲದಾಗ ಬಟ್ಟು ರೆಪ್ಪಿಗೆ ಹಚ್ಚಿದೆ.
ಉರೀಲಿಲ್ಲ, ಆದ್ರ ನೀರು ಬಂತು.
ಯಾಕ ಬೇಕಂತ ಮತ್ತೊಮ್ಮೆ ತಿಕ್ಕಿ ತೊಳಕೊಂಡೆ.

ಒಳಗಿಂದ ಅಕಿ ಒದರಿದ್ಳು:
"ಎಷ್ಟು ತಿಕ್ಕತೀರಿ, ತಂಬಗಿ ಬರಿದಾಗೇತಿ."